ಹಿಡಿದ ವೇತನವೂ ನ್ಯಾಸಾಪಹಾರವೂ

ಬೆಂಗಳೂರಿನ ಹೊಸಹಳ್ಳಿಯಲ್ಲಿ ವಾಸಿಸುತ್ತ ಸಮೀಪದ ಕಾಮಾಕ್ಷಿಪಾಳ್ಯದ ಕಾರ್ಖಾನೆಯಲ್ಲಿ ದುಡಿಯುವ ಕಾರ್ಮಿಕನೊಬ್ಬನು ಸಹಕಾರ ಸಂಘದಲ್ಲಿ ಸಾಲ ಮಾಡಿರುವನೆಂದು ಭಾವಿಸೋಣ. ಮಾಲೀಕನು ಪ್ರತಿ ತಿಂಗಳೂ ವೇತನದಲ್ಲಿ ಕಂತನ್ನು ಹಿಡಿಯುತ್ತಾನೆ. ಸಂಘಕ್ಕೆ ಮಾತ್ರ ಕಟ್ಟುವುದಿಲ್ಲ. ಋಣ ತೀರುತ್ತಿದೆಯೆಂದು ಕಾರ್ಮಿಕನು ನಂಬಿರುತ್ತಾನೆ, ಬಡ್ಡಿಯೋ ಅವನ ಹೆಸರಿನಲ್ಲಿಯೇ ಬೆಳೆಯುತ್ತಿರುತ್ತದೆ. ಮಾಲೀಕನು ದಶಲಕ್ಷಣ ಪರ್ವದಲ್ಲಿ ಉಪವಾಸವಿರುವ ದಿನಗಳಲ್ಲಿಯೂ ಅದಕ್ಕೆ ವಿರಾಮವಿಲ್ಲ. ಇದು ಸಣ್ಣ ಕಾರ್ಖಾನೆಗಳ ಮಾತಷ್ಟೇ ಅಲ್ಲ. 2012ರಲ್ಲಿ ಹಾರಾಟ ನಿಲ್ಲಿಸಿದ ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ ಸಂಸ್ಥೆಯು ನೌಕರರ ವೇತನದಲ್ಲಿ ಹಿಡಿದ ಆದಾಯ ತೆರಿಗೆಯನ್ನು ಸರ್ಕಾರಕ್ಕೆ ಸಂದಾಯ ಮಾಡದೆ ಉಳಿಸಿಕೊಂಡಿತ್ತು.

‘ಹಣವನ್ನು ಮನೆಗೆ ಒಯ್ದಿಲ್ಲ, ಉದ್ಯಮದಲ್ಲಿಯೇ ತೊಡಗಿಸಿದೆ’ ಎಂಬುದು ಮಾಲೀಕನ ಸಮಾಧಾನ. ಅಚೌರ್ಯಾಣುವ್ರತವೊಂದರ ಪ್ರಶ್ನೆಯಾಗಿದ್ದರೆ ಈ ವಾದಕ್ಕೆ ತುಸು ಎಡೆಯಿರುತ್ತಿತ್ತೇನೋ. ಆದರೆ ತತ್ತ್ವಾರ್ಥಸೂತ್ರವು ನ್ಯಾಸಾಪಹಾರವನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ನೀಡುವ ವಿವರಣೆ ಬಹು ಸೂಕ್ಷ್ಮವಾದುದು: ಹೊನ್ನನ್ನು ನಂಬಿ ಇಟ್ಟುಹೋದವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ‘ಅಹುದು, ಅಷ್ಟೇ’ ಎಂದು ಸಮ್ಮತಿಸುವುದೇ ಅಪಹಾರ. ಅಂದಮೇಲೆ ‘ಸಾಲದ ಕಂತು ಕಡಿತ’ ಎಂದು ಬರೆದ ವೇತನಚೀಟಿಯೂ ಅಂಥದೇ ಒಂದು ಸಮ್ಮತಿವಚನ. ತಿಂಗಳು ತಿಂಗಳೂ ಅದು ಅರಿಯದವನಿಗೆ ಸುಳ್ಳು ಹೇಳುತ್ತದೆ.

ಲೌಕಿಕ ಶಾಸನವೂ ಇದಕ್ಕೆ ದೂರವಿಲ್ಲ. ದಂಡಸಂಹಿತೆಯ 405ನೆಯ ಕಲಮಿಗೆ 1973ರಲ್ಲಿ ಸೇರಿದ ವಿವರಣೆಯು ಭವಿಷ್ಯನಿಧಿಗೆಂದು ಹಿಡಿದ ಹಣವನ್ನು ಮಾಲೀಕನಿಗೆ ಒಪ್ಪಿಸಿದ ನ್ಯಾಸವೆಂದೇ ಪರಿಗಣಿಸಿತು. ಇಂದಿನ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮೂ ಅದನ್ನೇ ಉಳಿಸಿಕೊಂಡಿದೆ.

ಗಿರಾಕಿಗಳಿಂದ ಹಣ ಬಾರದೆ ಮಾಲೀಕನೇ ಸಂಕಟಕ್ಕೆ ಸಿಲುಕುವ ತಿಂಗಳುಗಳುಂಟು, ನಿಜ. ಆಗ ಕಂತು ಕಟ್ಟಿಲ್ಲವೆಂದು ಕಾರ್ಮಿಕನಿಗೂ ಸಂಘಕ್ಕೂ ಬರೆದು ತಿಳಿಸಿ, ಏರುವ ಬಡ್ಡಿಯನ್ನು ತನ್ನ ಲೆಕ್ಕಕ್ಕೆ ಹಾಕಿಕೊಳ್ಳಲು ಅವನನ್ನು ತಡೆಯುವವರಾರು?