ಆಧಾರಸೂಚನೆಯೂ ಋಣವೂ

ಪರರ ಮಾತನ್ನು ಎತ್ತಿಕೊಂಡವನು ಅದು ಪರರದೆಂದು ಹೇಳತಕ್ಕದ್ದೆಂಬ ಧರ್ಮವು ಬಹು ಹಳೆಯದು. ಕಾಳಿದಾಸನ ಕಾವ್ಯಗಳಿಗೆ ವ್ಯಾಖ್ಯಾನವನ್ನು ರಚಿಸಿದ ಮಲ್ಲಿನಾಥನು, ಆಧಾರವಿಲ್ಲದ ಮಾತೊಂದನ್ನೂ ಬರೆಯೆನೆಂದು ಆರಂಭದಲ್ಲಿಯೇ ಪ್ರತಿಜ್ಞೆ ಮಾಡಿದನು. ಈಗ ಆ ಪ್ರತಿಜ್ಞೆಯ ಹೊರಗಿನ ಕೆಲಸವನ್ನು ಯಂತ್ರವೇ ನಡೆಯಿಸಿಕೊಡುತ್ತಿದೆ. ಹಾಗಾದರೆ ಒಳಗಿನ ಭಾರವು ಯಾರ ಮೇಲೆ ನಿಲ್ಲುವುದು?

ಗಣಕಯಂತ್ರದಲ್ಲಿ ಬರೆಯುವ ವಿದ್ವಾಂಸರಿಗೆ ಸಂಕೇತಭಾಷೆಗಳು ಹಲವು. ಲೇಟೆಕ್ಕಿನ ಜೊತೆಗಾರನಾಗಿ 1985ರಲ್ಲಿ ಬಿಬ್‌ಟೆಕ್ ಬಂದಿತು. ಗ್ರಂಥಗಳ ವಿವರವೆಲ್ಲವೂ ಒಂದು ಕಡತದಲ್ಲಿರುವುದು. ಒಂದೊಂದಕ್ಕೂ ಒಂದು ಕಿರುಹೆಸರು. ಬರೆಹದ ನಡುವೆ ಆ ಕಿರುಹೆಸರನ್ನಿಟ್ಟರೆ ಕರ್ತೃವಿನ ಹೆಸರು, ವರ್ಷ, ಪ್ರಕಾಶಕರು ಎಲ್ಲವೂ ಕ್ರಮವಾಗಿ ತಾವೇ ಬಂದು ಕೂಡುವುವು. 2004ರಲ್ಲಿ ಹುಟ್ಟಿದ ಮಾರ್ಕ್‌ಡೌನಿನಲ್ಲಿ ಆಧಾರಸೂಚನೆಗೆ ಸ್ಥಳವೇ ಇರಲಿಲ್ಲ. ಜಾನ್ ಮ್ಯಾಕ್‌ಫಾರ್ಲೇನರ ಪ್ಯಾಂಡಾಕ್ ಆ ಕೊರತೆಯನ್ನು ತುಂಬಿತು. ಅವರು ಬರ್ಕ್ಲಿಯಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೆಂಬುದು ತಕ್ಕುದಾಗಿಯೇ ಇದೆ. ಈಮ್ಯಾಕ್ಸ್ ಎಂಬ ಬರೆಹಸಾಧನದ ಆರ್ಗ್ ಭಾಷೆಗೆ 2021ರಲ್ಲಿ ತನ್ನದೇ ಸೂಚನಾಕ್ರಮವು ದೊರೆಯಿತು. ಒಂದರಲ್ಲಿ ಪುಷ್ಪಾವರಣ, ಇನ್ನೆರಡರಲ್ಲಿ ಚೌಕಾವರಣ. ಈಮ್ಯಾಕ್ಸಿಗೆ ಕೂಡಿಸುವ ಸಿಟಾರ್ ಎಂಬ ಉಪಕರಣವು, ಲೇಖಕನು ಯಾವ ಭಾಷೆಯಲ್ಲಿ ಬರೆಯುತ್ತಿರುವನೆಂಬುದನ್ನು ನೋಡಿ ತಕ್ಕ ರೂಪವನ್ನೇ ಇಡುವುದು. ಒಂದೇ ಸಂಸ್ಕೃತಶ್ಲೋಕವನ್ನು ನಾಗರಿಯಲ್ಲಿಯೂ ಕನ್ನಡದಲ್ಲಿಯೂ ಗ್ರಂಥಾಕ್ಷರದಲ್ಲಿಯೂ ಬರೆಯುವಂತೆಯೇ ಇದು; ಲಿಪಿ ಬೇರೆ, ಶ್ಲೋಕ ಒಂದೇ.

ಇಷ್ಟು ಸುಲಭವಾದುದರಿಂದ ಪ್ರಾಮಾಣಿಕತೆಯು ಸಡಿಲವಾಗುವುದೆಂದು ಕೆಲವರ ಆಕ್ಷೇಪ. ಕೈಯಿಂದ ಬರೆಯುವಾಗ ಗ್ರಂಥವನ್ನು ಮತ್ತೊಮ್ಮೆ ತೆರೆದು ನೋಡಬೇಕಾಗಿತ್ತು, ಈಗ ಆ ನೋಟವೇ ತಪ್ಪಿತು ಎನ್ನುವರು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಇನ್ನೊಬ್ಬರ ಅಡಿಟಿಪ್ಪಣಿಯಿಂದ ಗ್ರಂಥದ ಹೆಸರನ್ನು ಎತ್ತಿ, ತಾನೇ ಓದಿದಂತೆ ತೋರಿಸಿಕೊಳ್ಳುವ ಚಾಳಿಯು ಲೇಖನಿಯ ಕಾಲದಲ್ಲಿಯೂ ಇತ್ತಲ್ಲವೆ? ಮೇಲಾಗಿ ಕಡತದಲ್ಲಿನ ತಪ್ಪು ವರ್ಷವನ್ನು ಒಮ್ಮೆ ತಿದ್ದಿದರೆ, ಮುಂದೆ ಅದನ್ನು ಅವಲಂಬಿಸಿ ಸಿದ್ಧವಾಗುವ ಲೇಖನಗಳೆಲ್ಲದರಲ್ಲಿಯೂ ಅದು ಸರಿಯಾಗುವುದು. ತಿದ್ದದಿದ್ದರೆ ಎಲ್ಲದರಲ್ಲಿಯೂ ತಪ್ಪೇ.

ಕಿರುಹೆಸರು ಕಡತದಲ್ಲಿಲ್ಲದಿದ್ದರೆ ಲೇಟೆಕ್ ಆ ಸ್ಥಳದಲ್ಲಿ ದಪ್ಪನೆಯ ಪ್ರಶ್ನಚಿಹ್ನೆಯನ್ನು ಮುದ್ರಿಸುವುದು. ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಳ್ಳುವ ಈ ಗುಣವು ಮನುಷ್ಯರಲ್ಲಿ ಅಷ್ಟು ಸುಲಭವಾಗಿ ಕಾಣಸಿಗದು. ಆದರೆ ಗ್ರಂಥವು ಪಟ್ಟಿಯಲ್ಲಿದ್ದು, ಲೇಖಕನು ಅದನ್ನು ಓದದೆಯೇ ಸೂಚಿಸಿದ್ದರೆ ಯಾವ ಚಿಹ್ನೆಯೂ ಏಳುವುದಿಲ್ಲ. ಸುಳ್ಳಾದ ಸೂಚನೆಯೂ ನಿಜವಾದುದರಷ್ಟೇ ಅಚ್ಚುಕಟ್ಟಾಗಿ ಅಚ್ಚಾಗುವುದು.

ಮೂರು ಭಾಷೆಗಳಲ್ಲಿಯೂ ಕಿರುಹೆಸರಿನ ಜೊತೆಗೆ ಪುಟಸಂಖ್ಯೆಯನ್ನು ಬರೆಯಲು ಎಡೆಯಿದೆ. ಅದನ್ನು ತುಂಬಲೇಬೇಕೆಂಬ ನಿರ್ಬಂಧವಿಲ್ಲ, ಯಂತ್ರವು ತಾನಾಗಿ ತುಂಬುವುದೂ ಇಲ್ಲ. ಗ್ರಂಥವನ್ನು ತೆರೆದು ಆ ಸಾಲು ಯಾವ ಪುಟದಲ್ಲಿದೆಯೆಂದು ಕಂಡವನೇ ಅದನ್ನು ಬರೆಯಬೇಕು.