ಕೊರಳ ನಾಣ್ಯ, ಕೊರಳ ಶಿಲುಬೆ

2001ರಲ್ಲಿ ಅಮೆರಿಕದ ಡಿಸ್ನಿ ಚಾನೆಲ್ ಪ್ರಸಾರ ಮಾಡಿದ ‘ದ ಲಕ್ ಆಫ್ ದಿ ಐರಿಷ್’ ಚಿತ್ರದ ಬಾಲಕ ಕೈಲ್ ಶಾಲೆಯ ಬ್ಯಾಸ್ಕೆಟ್‌ಬಾಲ್ ಆಟಗಾರ. ಕೊರಳಲ್ಲಿ ಧರಿಸಿದ ಚಿನ್ನದ ನಾಣ್ಯವೇ ಅವನ ಅದೃಷ್ಟ. ಅದು ಕೈತಪ್ಪಿದೊಡನೆ ಆಟವೂ ಕೆಡುತ್ತದೆ. ಹಾಗಾದರೆ ಹಿಂದಿನ ಗೆಲುವು ಯಾರದು? ಅವನದೋ, ನಾಣ್ಯದ್ದೋ?

ಪ್ರಿಯ ತಂದೆತಾಯಂದಿರೇ, ಕಥೆ ಮಾಯೆಯದಾದರೂ ಪ್ರಶ್ನೆ ನಮ್ಮದೇ. ಪಂದ್ಯಕ್ಕೆ ಹೊರಟ ಮಗ ಕೊರಳ ಶಿಲುಬೆಗೆ ಮುತ್ತಿಡುತ್ತಾನೆ. ಎದುರು ತಂಡದವನೂ ಹಾಗೆಯೇ ಮಾಡಿದರೆ ದೇವರು ಯಾರ ಪಕ್ಷ? ಗೆಲ್ಲಿಸಲೆಂದೇ ಧರಿಸಿದ ಶಿಲುಬೆ ತಾಯಿತವಾಗಿಬಿಡುತ್ತದೆ. ಅಂತರಂಗದ ಭಕ್ತಿಯಿಲ್ಲದೆ ಹೊರಗಿನ ಆಚರಣೆಗೇ ಫಲವಿದೆಯೆಂದು ನಂಬುವುದನ್ನು ಧರ್ಮಸಭೆಯ ಧರ್ಮೋಪದೇಶ ಗ್ರಂಥವು (2111) ಮೂಢನಂಬಿಕೆ ಎನ್ನುತ್ತದೆ.

ಮನಸ್ಸಿಟ್ಟು ಆಡುವ, ಸೋತರೂ ಎದುರಾಳಿಯ ಕೈಕುಲುಕುವ ಶಕ್ತಿಯನ್ನು ಬೇಡಲು ಮಕ್ಕಳಿಗೆ ಕಲಿಸೋಣ. ಆ ಪ್ರಾರ್ಥನೆಯನ್ನು ದೇವರು ಎರಡೂ ತಂಡಗಳಿಗೆ ಒಟ್ಟಿಗೇ ಈಡೇರಿಸಬಲ್ಲರು.