ನಗುವಿನ ಬಾಬ್ತು

ನಮ್ಮ ಮನೆಗಳಲ್ಲಿ ಲೆಕ್ಕಕ್ಕೆ ಸಿಗದೆ ಖರ್ಚಾಗುವ ವಸ್ತುಗಳಲ್ಲಿ ಹೆಂಗಸರ ನಗುವೂ ಒಂದು. ಹಾಲಿನವನ ಲೆಕ್ಕ ಕ್ಯಾಲೆಂಡರಿನ ಮೇಲಿರುತ್ತದೆ, ದಿನಸಿ ಅಂಗಡಿಯ ಲೆಕ್ಕ ಪುಟ್ಟ ಪುಸ್ತಕದಲ್ಲಿರುತ್ತದೆ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟರಿಗೆ, ಮುಖ ಗಂಟಿಕ್ಕಿ ಕೂತ ಯಜಮಾನರಿಗೆ, ಹೆಣ್ಣು ನೋಡಲು ಬಂದು ಉಪ್ಪಿಟ್ಟು ತಿಂದು 'ಆಮೇಲೆ ತಿಳಿಸುತ್ತೇವೆ' ಎಂದು ಎದ್ದುಹೋದವರಿಗೆ ನಾವು ಕೊಟ್ಟ ನಗುವನ್ನು ಯಾರೂ ಬರೆದಿಟ್ಟಿಲ್ಲ. ಅದೇ ನಗುವಿಗೆ ಸಂಬಳ ಪಡೆಯುವ ಹೆಣ್ಣುಮಗಳೊಬ್ಬಳು ನಮ್ಮ ನಡುವೆ ಬಂದು ಕೂತಾಗ ಮಾತ್ರ ಪ್ರಶ್ನೆ ಏಳುತ್ತದೆ. ಹೊರಗೆ ದುಡ್ಡಿಗೆ ಕೊಟ್ಟ ನಗುವನ್ನು ಅವಳು ಮನೆಯಲ್ಲಿ ಪುಕ್ಕಟೆ ಕೊಡಬೇಕೇ? ಹೆಣ್ಣಿನ ನಗು ಯಾರ ಸ್ವತ್ತು?

ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟವರು ಒಬ್ಬ ತಾಯಿ. ತಿಪಟೂರಿನಲ್ಲಿ ನನ್ನ ಕೈಯಲ್ಲಿ ಕಲಿತ ಅವರ ಮಗಳು ಈಗ ಕೊಲ್ಲಿ ದೇಶದ ವಿಮಾನ ಸಂಸ್ಥೆಯೊಂದರಲ್ಲಿ ಗಗನಸಖಿ. ತಂದೆ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಹುಡುಗಿ ಡಿಗ್ರಿ ಮುಗಿಸಿ, ಬೆಂಗಳೂರಿನ ಹೋಟೆಲೊಂದರ ಸ್ವಾಗತ ಕೌಂಟರಿನಲ್ಲಿ ಎರಡು ವರ್ಷ ನಿಂತು, ಅಲ್ಲಿಂದಲೇ ಇಂಟರ್‌ವ್ಯೂ ಕೊಟ್ಟು ಆಯ್ಕೆಯಾದಳು. ಯುಗಾದಿಗೆ ರಜೆಯಲ್ಲಿ ಬಂದವಳು ನಾಲ್ಕು ದಿನ ಕೋಣೆಯಲ್ಲೇ ಮಲಗಿದಳಂತೆ. ನೋಡಲು ಬಂದ ಸೋದರತ್ತೆಯನ್ನು ಬಾಗಿಲಲ್ಲಿ ನಿಂತು 'ಚೆನ್ನಾಗಿದ್ದೀರಾ ಅತ್ತೆ' ಎಂದು ಕೇಳಿ ಒಳಗೆ ಹೋದಳಂತೆ. ಕಾಫಿ ತಂದುಕೊಟ್ಟದ್ದು ತಾಯಿ. ಅತ್ತೆ ಖಾಲಿ ಲೋಟ ಕೆಳಗಿಡುತ್ತ, 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂದುಬಿಟ್ಟರಂತೆ.

ತಾಯಿ ನನ್ನಲ್ಲಿ ಬಂದು ಕೂತರು. 'ಮೇಡಂ, ಮುನ್ನೂರು ಜನಕ್ಕೆ ನಗ್ತಾ ನಗ್ತಾ ಊಟ ಕೊಡ್ತಾಳಂತೆ. ಮನೆಗೆ ಬಂದ ಒಬ್ರಿಗೆ ನಗೋಕಾಗಲ್ವಾ? ಹಂಗಾದ್ರೆ ಅಲ್ಲಿ ನಗೋದೆಲ್ಲ ಸುಳ್ಳಾ?' ಎಂದು ಕೇಳಿದರು.

ಸುಳ್ಳೇ? ನಾನೂ ಮೂವತ್ತು ವರ್ಷದಿಂದ ತರಗತಿಗೆ ಹೋಗುತ್ತಿದ್ದೇನೆ. ಮನೆಯಲ್ಲಿ ಮಾತು ಬೆಳೆದು ಕಣ್ಣೊರೆಸಿಕೊಂಡು ಬಂದ ದಿನವೂ ಮೊದಲ ಪೀರಿಯಡ್ಡಿಗೆ ನಗುಮುಖದಲ್ಲೇ ಒಳಗೆ ಕಾಲಿಟ್ಟಿದ್ದೇನೆ. ನನ್ನ ದುಃಖ ಏಳನೇ ಕ್ಲಾಸಿನ ಮಕ್ಕಳ ತಪ್ಪಲ್ಲವಲ್ಲ. ಆಸ್ಪತ್ರೆಯ ನರ್ಸಮ್ಮನೂ ಹೀಗೆಯೇ ಮಾಡುತ್ತಾಳೆ. ಎದುರಿನವರನ್ನು ಮೋಸಗೊಳಿಸಿ ಏನನ್ನೋ ಕಿತ್ತುಕೊಳ್ಳಲು ನಕ್ಕರೆ ಅದು ಸುಳ್ಳು. ಅವರ ಹೊತ್ತು ಹಗುರಾಗಲಿ ಎಂದು ನಕ್ಕರೆ ಅದು ಕೆಲಸ.

ಆ ಕೆಲಸವೂ ಸುಲಭದ್ದಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಷೀಲ್ಡ್ ಗಗನಸಖಿಯರ ತರಬೇತಿಯನ್ನು ಹತ್ತಿರದಿಂದ ನೋಡಿ 1983ರಲ್ಲಿ 'ದಿ ಮ್ಯಾನೇಜ್ಡ್ ಹಾರ್ಟ್' ಎಂಬ ಪುಸ್ತಕ ಬರೆದರು. ಕೈಯ ದುಡಿಮೆ, ತಲೆಯ ದುಡಿಮೆ ಇದ್ದ ಹಾಗೆ ಭಾವದ ದುಡಿಮೆಯೂ ಇದೆ ಎಂದು ಅವರು ತೋರಿಸಿಕೊಟ್ಟರು. ವಿಮಾನವನ್ನು ನಿಮ್ಮ ಮನೆಯ ಹಜಾರ ಎಂದುಕೊಳ್ಳಿ, ಪ್ರಯಾಣಿಕರನ್ನು ಮನೆಗೆ ಬಂದ ಅತಿಥಿಗಳು ಎಂದುಕೊಳ್ಳಿ ಎಂದು ಆ ಹುಡುಗಿಯರಿಗೆ ಕಲಿಸುತ್ತಿದ್ದರಂತೆ. ರೇಗಾಡುವವನನ್ನು ಕಂಡರೆ, ಪಾಪ, ಇವನಿಗೆ ಏನೋ ಆಘಾತವಾಗಿರಬೇಕು ಎಂದು ಊಹಿಸಿಕೊಂಡು ಸಿಟ್ಟು ನುಂಗಿಕೊಳ್ಳಬೇಕು. ಹೀಗೆ ನುಂಗಿ ನುಂಗಿ, ತನಗೆ ನಿಜವಾಗಿ ಏನನ್ನಿಸುತ್ತಿದೆ ಎಂಬುದೇ ತಿಳಿಯದೆ ಹೋಗುವ ಅಪಾಯವಿದೆ ಎಂದು ಆಕೆ ಎಚ್ಚರಿಸಿದರು.

ಇದನ್ನು ಓದಿದಾಗ ನನಗೆ ಇದೆಲ್ಲೋ ಕೇಳಿದ ಪಾಠ ಅನ್ನಿಸಿತು. 'ಅವರಿಗೇನು ಕಷ್ಟವೋ ಏನೋ, ನೀನು ಎದುರಾಡಬೇಡ' ಎಂದು ನಮ್ಮ ತಾಯಂದಿರು ಗಂಡನ ಮನೆಗೆ ಹೊರಟ ಮಗಳಿಗೆ ಹೇಳುವ ಮಾತಲ್ಲವೇ ಅದು? ವ್ಯತ್ಯಾಸ ಇಷ್ಟೇ. ವಿಮಾನದ ದುಡಿಮೆಗೆ ಸಂಬಳವಿದೆ, ಮತ್ತು ಅದು ಇಂಥ ಹೊತ್ತಿಗೆ ಮುಗಿಯುತ್ತದೆ. ನನ್ನ ವಿದ್ಯಾರ್ಥಿನಿ ಒಮ್ಮೆ ಹೇಳಿದ್ದಳು: 'ಮಿಸ್, ಪ್ರಯಾಣ ಮುಗಿಸಿ ರೂಮಿಗೆ ಬಂದು ಬಾಗಿಲು ಹಾಕಿದ ಮೇಲೆ, ಕನ್ನಡಿ ಮುಂದೆ ಸ್ವಲ್ಪ ಹೊತ್ತು ಮುಖಾನ ಸುಮ್ಮನೆ ಬಿಟ್ಟು ಕೂತ್ಕೋತೀನಿ. ಕೆನ್ನೆ ನೋಯ್ತಿರುತ್ತೆ.' ಹಾಗೆ ಮುಖ ಬಿಟ್ಟು ಕೂರಲು ಒಂದು ಬಾಗಿಲು ನಮ್ಮಲ್ಲಿ ಎಷ್ಟು ಮಂದಿಗಿದೆ, ಹೇಳಿ.

ಸೋದರತ್ತೆಯ ಮಾತಿನಲ್ಲಿ ಇನ್ನೊಂದು ಮುಳ್ಳೂ ಇತ್ತು. 'ಕಂಡವರ ಎಂಜಲು ತಟ್ಟೆ ಎತ್ತೋಕೆ ಆ ದೇಶಕ್ಕೆ ಹೋಗ್ಬೇಕಿತ್ತಾ' ಎಂದಿದ್ದರಂತೆ. ಕಾಯಕದಲ್ಲಿ ಮೇಲುಕೀಳಿಲ್ಲ ಎಂದು ಶರಣರು ಹನ್ನೆರಡನೆಯ ಶತಮಾನದಲ್ಲೇ ಹೇಳಿ ಹೋದ ನಾಡು ನಮ್ಮದು. ಅದಿರಲಿ, ಈ ಕೆಲಸದಲ್ಲಿ ತಟ್ಟೆಯದು ಸಣ್ಣ ಪಾಲು. ಲೋಕದ ಮೊದಲ ಗಗನಸಖಿ ಎಲೆನ್ ಚರ್ಚ್ ನರ್ಸು. ವಿಮಾನ ಓಡಿಸಲೂ ಕಲಿತಿದ್ದಳು. ಪೈಲಟ್ ಕೆಲಸ ಕೇಳಿದಾಗ ಹೆಂಗಸೆಂದು ಕೊಡಲಿಲ್ಲ. ಪ್ರಯಾಣಿಕರ ಭಯ ಹೋಗಿಸಲು ನರ್ಸುಗಳಿರಲಿ ಎಂದು ಆಕೆಯೇ ಸೂಚಿಸಿದ್ದರಿಂದ 1930ರ ಮೇ 15ರಂದು ಈ ವೃತ್ತಿ ಶುರುವಾಯಿತು. ಇಂದಿಗೂ ತರಬೇತಿಯಲ್ಲಿ ಬೆಂಕಿ ಆರಿಸುವುದು, ನಿಂತ ಎದೆಬಡಿತಕ್ಕೆ ಎದೆ ಒತ್ತುವುದು, ಬಾಗಿಲು ತೆರೆದು ಜನರನ್ನು ಜಾರುಬಂಡೆಯಂಥ ಗಾಳಿಚೀಲದ ಮೇಲೆ ಇಳಿಸುವುದು ಎಲ್ಲವನ್ನೂ ಕಲಿಸುತ್ತಾರೆ. ಅರ್ಧ ಬಾಗಿಲುಗಳಿಂದಲೇ ಎಲ್ಲರನ್ನೂ 90 ಸೆಕೆಂಡಿನೊಳಗೆ ಹೊರಗೆ ಕಳಿಸಬಹುದು ಎಂದು ತೋರಿಸಿದ ಮೇಲೆಯೇ ದೊಡ್ಡ ವಿಮಾನಕ್ಕೆ ಪರವಾನಗಿ. 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಹೊತ್ತಿ ಉರಿಯಿತು. ಅದರಲ್ಲಿದ್ದ 379 ಮಂದಿಯೂ ಬದುಕಿ ಹೊರಬಂದರು.

ನಮ್ಮ ನೀರಜಾ ಭಾನೋಟ್‌ಳನ್ನು ಮರೆಯುವುದುಂಟೇ? ಮದುವೆಯಾಗಿ ಕೊಲ್ಲಿ ದೇಶಕ್ಕೆ ಹೋಗಿ, ವರದಕ್ಷಿಣೆಯ ಕಾಟಕ್ಕೆ ಎರಡೇ ತಿಂಗಳಲ್ಲಿ ತವರಿಗೆ ಮರಳಿದವಳು ಆಕೆ. ಆಮೇಲೆ ಪ್ಯಾನ್ ಆಮ್ ಸಂಸ್ಥೆ ಸೇರಿ ಹೊಸ ಬದುಕು ಕಟ್ಟಿಕೊಂಡಳು. 1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ಬಂದೂಕುಧಾರಿಗಳು ವಿಮಾನಕ್ಕೆ ನುಗ್ಗಿದರು. ಪೈಲಟ್‌ಗಳಿಗೆ ಸುದ್ದಿ ಮುಟ್ಟಿಸಿ ಅವರು ಇಳಿದುಹೋಗುವಂತೆ ಮಾಡಿದ್ದರಿಂದ ವಿಮಾನ ಮೇಲೇಳಲಾಗಲಿಲ್ಲ. ಸುಮಾರು 17 ಗಂಟೆಗಳ ಮೇಲೆ ಗುಂಡಿನ ಮಳೆ ಸುರಿದಾಗ ಆಕೆ ಬಾಗಿಲು ತೆರೆದು ಜನರನ್ನು ಹೊರಗೆ ಕಳಿಸಿದಳು, ಮಕ್ಕಳಿಗೆ ಅಡ್ಡ ನಿಂತು ಪ್ರಾಣ ಬಿಟ್ಟಳು. ಇನ್ನೆರಡು ದಿನ ಕಳೆದಿದ್ದರೆ 23 ತುಂಬುತ್ತಿತ್ತು. ಅಶೋಕ ಚಕ್ರ ಬಂದದ್ದು ಮರಣಾನಂತರ. ಸೆಪ್ಟೆಂಬರ್ 5 ಶಿಕ್ಷಕರ ದಿನಾಚರಣೆ. ಮಕ್ಕಳು ತಂದ ಗುಲಾಬಿ ಹಿಡಿದು ನಿಂತಾಗ ನಾನು ಈ ಹುಡುಗಿಯ ಕಥೆಯನ್ನೂ ಅವರಿಗೆ ಹೇಳುತ್ತೇನೆ.

ಹಾಗೆಂದು ಈ ಕೆಲಸವನ್ನು ಸ್ವರ್ಗವೆಂದೂ ಹೇಳಲಾರೆ. ಸಂಬಳ ಕೊಡುವವರು ನಗುವನ್ನಷ್ಟೇ ಕೊಂಡು ಸುಮ್ಮನಿರುವುದಿಲ್ಲ. ತೂಕ, ವಯಸ್ಸು, ಬಸಿರನ್ನೂ ಲೆಕ್ಕ ಹಾಕುತ್ತಾರೆ. ಹಿಂದೆ ಏರ್ ಇಂಡಿಯಾದಲ್ಲಿ ಗಗನಸಖಿಗೆ 35 ವರ್ಷಕ್ಕೆ ನಿವೃತ್ತಿ, ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಕೆಲಸವಿಲ್ಲ, ಮೊದಲ ಸಲ ಬಸಿರಾದರೂ ಕೆಲಸವಿಲ್ಲ ಎಂಬ ನಿಯಮಗಳಿದ್ದವು. 1981ರಲ್ಲಿ ಸುಪ್ರೀಂ ಕೋರ್ಟು ಬಸಿರಿನ ನಿಯಮವನ್ನು ತೆಗೆದುಹಾಕಿತು. ಮದುವೆಯ ನಿಯಮವನ್ನು ಸರಿಯೆಂದೇ ಎತ್ತಿಹಿಡಿಯಿತು. ಕೊಲ್ಲಿ ದೇಶಗಳಲ್ಲಿ ಇರುವ ಮನೆ, ವೀಸಾ ಎಲ್ಲವೂ ಕೆಲಸಕ್ಕೆ ಕಟ್ಟಿದ್ದು. 2020ರಲ್ಲಿ ಕೊರೋನಾದಿಂದ ವಿಮಾನಗಳು ನಿಂತಾಗ ನನ್ನ ಹುಡುಗಿಯ ಕೆಲಸವೂ ಹೋಯಿತು. ಎರಡು ಪೆಟ್ಟಿಗೆ ಹಿಡಿದು ಊರಿಗೆ ಬಂದಳು. 2022ರಲ್ಲಿ ಮತ್ತೆ ಕರೆದರು, ಹೋದಳು. ಬೇರೆ ದೇಶದ ಹೊಸ ಬದುಕು ಎಂದರೆ ಹೀಗೆ ಬಾಡಿಗೆ ಮನೆಯಂಥದ್ದು. ಆದರೂ ಆ ಬಾಡಿಗೆಯನ್ನು ತಾನೇ ಕಟ್ಟುತ್ತಿದ್ದೇನೆ ಎಂಬ ಧೈರ್ಯ ಅವಳ ಬೆನ್ನನ್ನು ನೆಟ್ಟಗೆ ಮಾಡಿದೆ.

ಇನ್ನು ಆ ತಾಯಿಯ ಪ್ರಶ್ನೆ. ನಾನು ಹೇಳಿದೆ: 'ಅಲ್ಲಿ ನಗೋದು ಸುಳ್ಳಲ್ಲಮ್ಮ, ಕೆಲಸ. ಇಲ್ಲಿ ನಗದೆ ಮಲಗಿದಾಳೆ ಅಂದ್ರೆ, ದಣಿದ ಮುಖ ತೋರಿಸೋಕೆ ಅವಳಿಗೆ ಲೋಕದಲ್ಲಿರೋ ಒಂದೇ ಜಾಗ ನಿಮ್ಮ ಮನೆ.'

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆಯ್ತು ಮೇಡಂ. ಆದ್ರೆ ಕಾಫಿ ಯಾರು ಮಾಡ್ಬೇಕು?' ಎಂದರು.

ಎಷ್ಟು ಸರಿಯಾದ ಮಾತು! ಮಗಳ ವಿಶ್ರಾಂತಿ ಆಕಾಶದಿಂದ ಉದುರಿದ್ದಲ್ಲ. ಅದರ ಬೆಲೆಯನ್ನು ತಾಯಿಯ ಮೊಣಕಾಲು ಕೊಡುತ್ತಿತ್ತು. ನಗುವಿಗೆ ರಜೆ ಬೇಕು ಎಂಬ ನ್ಯಾಯ ಸಂಬಳ ತರುವವಳಿಗೆ ಮಾತ್ರ ಅನ್ವಯಿಸುವುದಾದರೆ ಅದು ಅರ್ಧ ನ್ಯಾಯ. ಮೂವತ್ತು ವರ್ಷ ರಜೆಯಿಲ್ಲದೆ ನಕ್ಕ ತಾಯಿಯ ಪಾಲು ಎಲ್ಲಿ? ನೆಂಟರಿಷ್ಟರಿಗೆಲ್ಲ ಮಗಳು ನಗು ಹಂಚಬೇಕಾಗಿಲ್ಲ, ನಿಜ. ಆದರೆ ತಾಯಿಗೆ ಅವಳು ಒಂದು ಬಾಕಿ ತೀರಿಸಬೇಕು. ಅದನ್ನು ನಗುವಿನಲ್ಲಿ ಅಲ್ಲ, ತಾಯಿಯ ದಣಿವನ್ನೂ ಕಂಡು ತೀರಿಸಬೇಕು. ಕಾಫಿಯ ವಿಷಯಕ್ಕೆ ಬಂದರೆ, ಆ ಮನೆಯಲ್ಲಿ ಡಿಪ್ಲೊಮಾ ಓದುವ ಗಂಡು ಮಗನಿದ್ದಾನೆ, ತಂದೆ ಇದ್ದಾರೆ. ವಿಮಾನದಲ್ಲಿ ಗಂಡಸರೂ ಅದೇ ಟ್ರೇ ಹಿಡಿದು ನಗುತ್ತ ಓಡಾಡುತ್ತಾರೆ. ಅವರಿಗೇನೂ ಮರ್ಯಾದೆ ಕಡಿಮೆಯಾಗಿಲ್ಲ. ಇದನ್ನು ಹೇಳಿದಾಗ ಆ ತಾಯಿ ನಕ್ಕರು. ಆ ನಗುವನ್ನು ಅವರಿಂದ ಯಾರೂ ಕೇಳಿರಲಿಲ್ಲ.

ಈಗ ಹತ್ತನೇ ಕ್ಲಾಸಿನ ಹುಡುಗಿಯರು 'ಮಿಸ್, ನಾವೂ ಹೋಗಬಹುದಾ?' ಎಂದು ಕೇಳುತ್ತಾರೆ. ಹೋಗಿ ಎನ್ನುತ್ತೇನೆ. ಕರಾರು ಎಷ್ಟು ವರ್ಷದ್ದು, ಕೆಲಸ ಹೋದರೆ ವೀಸಾ ಎಷ್ಟು ದಿನ ಉಳಿಯುತ್ತದೆ, ಸಂಬಳ ಯಾರ ಖಾತೆಗೆ ಬೀಳುತ್ತದೆ ಎಂದು ಮೊದಲು ಕೇಳಿಕೊಳ್ಳಿ ಎನ್ನುತ್ತೇನೆ. ಅವರ ತಾಯಂದಿರು ಸಿಕ್ಕಾಗ ಮಾತ್ರ ಬೇರೆ ಮಾತು: ಮಗಳು ದಣಿದು ಬಂದರೆ ಮಲಗಲು ಬಿಡಿ, ಆ ದಿನ ನೀವೂ ಒಂದು ಗಳಿಗೆ ಅವಳ ಪಕ್ಕದಲ್ಲಿ ಮಲಗಿ. ಬಾಗಿಲು ತಟ್ಟಿದವರಿಗೆ ಮನೆಯ ಗಂಡಸರು ಕಾಫಿ ಬೆರೆಸಿ ಕೊಡಲಿ.